ತಪ್ಪುಕಾಣಿಕೆ

ನಮಸ್ಕಾರ. ವಾಸ್ಕೋ, ಮಡಗಾಂವ್, ಮಾಪ್ಸಾ, ಪಣಜಿ, ಎಲ್ಲೇ ಕೂತು ಕೇಳ್ತಾ ಇದ್ರೂ ಎಲ್ಲ ಕನ್ನಡದವರಿಗೂ ನಮಸ್ಕಾರ.

ಡಿಸೆಂಬರ್ 19 ಬಂತು ಅಂದ್ರೆ ನಮಗಿಲ್ಲಿ ರಜೆ. 1961ರಲ್ಲಿ ಪೋರ್ಚುಗೀಸರ ಕೈಯಿಂದ ಗೋವಾ ಬಿಡುಗಡೆ ಆದ ದಿನ. 2022ರಲ್ಲಿ ಅದೇ ದಿನ ಸಂಜೆ ಮನೇಲಿ ಕೂತು ಮೊಬೈಲ್ ನೋಡ್ತಿದ್ದೆ, ನೆದರ್ಲೆಂಡ್ಸ್ ಪ್ರಧಾನಿ ಮಾರ್ಕ್ ರುಟ್ಟೆ ಹೇಗ್ ಊರಿನ ರಾಷ್ಟ್ರೀಯ ಪತ್ರಾಗಾರದಲ್ಲಿ ನಿಂತ್ಕೊಂಡು ಗುಲಾಮಗಿರಿಗೆ ಡಚ್ ಸರ್ಕಾರದ ಪರವಾಗಿ ಕ್ಷಮೆ ಕೇಳ್ತಾ ಇದ್ರು. ಡಚ್ ಭಾಷೇಲಿ ಹೇಳಿ ಸುಮ್ಮನಾಗ್ಲಿಲ್ಲ, ಇಂಗ್ಲಿಷಲ್ಲಿ, ಕೆರಿಬಿಯನ್ ದ್ವೀಪದವರ ಪಾಪಿಯಾಮೆಂಟೋದಲ್ಲಿ, ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮ್‌ನವರ ಸ್ರಾನನ್ ಭಾಷೇಲಿ ಕೂಡ ಹೇಳಿದ್ರು. ಯಾರನ್ನ ಹಡಗಿಗೆ ತುಂಬಿದ್ರೋ ಅವರ ಮೊಮ್ಮಕ್ಕಳ ಮನೆಮಾತಲ್ಲಿ ಒಬ್ಬ ಪ್ರಧಾನಿ ತಪ್ಪಾಯ್ತು ಅನ್ನೋದು ಕೇಳಿ ನನಗೆ ಮೈ ಜುಮ್ ಅಂತು.

ಆದ್ರೆ ಆ ಮೊಮ್ಮಕ್ಕಳಲ್ಲಿ ಬಹಳ ಜನಕ್ಕೆ ಸಮಾಧಾನ ಆಗಿರ್ಲಿಲ್ಲ. ಯಾಕಂದ್ರೆ ತಾರೀಖು ಗೊತ್ತು ಮಾಡುವಾಗ ಅವರನ್ನ ಸರಿಯಾಗಿ ಕೇಳೇ ಇರ್ಲಿಲ್ಲ. ಅವರಿಗೆ ಬೇಕಿದ್ದದ್ದು ಜುಲೈ 1, ಕೇಟಿ ಕೋಟಿ ದಿನ, ಅಂದ್ರೆ ಸರಪಳಿ ಕಡಿದ ದಿನ. 1863ರ ಜುಲೈ 1ಕ್ಕೆ ಸುರಿನಾಮ್‌ನಲ್ಲಿ ಕಾನೂನು ಪ್ರಕಾರ ಬಿಡುಗಡೆ ಆಯ್ತು, ಆದ್ರೆ ಇನ್ನೂ ಹತ್ತು ವರ್ಷ ತೋಟದಲ್ಲೇ ದುಡೀಬೇಕು ಅಂತ ಕಟ್ಟು ಹಾಕಿದ್ರು, ಹಂಗಾಗಿ ನಿಜವಾದ ಬಿಡುಗಡೆ 1873ಕ್ಕೆ. ಅದಕ್ಕೆ ನೂರೈವತ್ತು ವರ್ಷ ತುಂಬೋ 2023ರ ಜುಲೈ 1ಕ್ಕೆ ಕ್ಷಮೆ ಕೇಳ್ಲಿ ಅಂತ ಅವರ ಆಸೆ. ಡಿಸೆಂಬರ್ ಬೇಡ ಅಂತ ಕೆಲವರು ಕೋರ್ಟಿಗೂ ಹೋಗಿ ಸೋತು ಬಂದ್ರು. ಆಮೇಲೆ ಜುಲೈ 1ಕ್ಕೆ ಅಲ್ಲಿನ ರಾಜ ವಿಲೆಮ್ ಅಲೆಕ್ಸಾಂಡರ್ ಆಮ್‌ಸ್ಟರ್‌ಡ್ಯಾಮ್‌ನ ಪಾರ್ಕಲ್ಲಿ ಮತ್ತೆ ಕ್ಷಮೆ ಕೇಳಿದ್ರು ಅನ್ನಿ. ಆ ರಾಜ ಒಂದು ಮಾತು ಹೆಚ್ಚಿಗೆ ಸೇರಿಸಿದ್ರು, ನಮ್ಮ ಮನೆತನದ ಹಿರೀಕರು ಇದನ್ನೆಲ್ಲ ಕಂಡೂ ತಡೀಲಿಲ್ಲ, ಅದಕ್ಕೆ ನನ್ನನ್ನ ಮನ್ನಿಸಿ ಅಂತ. ತಪ್ಪಾಯ್ತು ಅಂದು ಎದ್ದು ಹೋಗ್ಬಹುದು. ಮನ್ನಿಸಿ ಅಂದ್ರೆ ಮುಂದಿನವರ ಉತ್ತರಕ್ಕೆ ಕಾಯ್ಬೇಕು.

ನಮ್ಮಲ್ಲಿ ತಪ್ಪುಕಾಣಿಕೆ ಅಂತ ಒಂದು ಪದ್ಧತಿ ಇದೆ, ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಹರಕೆ ತೀರಿಸೋದು ಮರೆತ್ರೆ, ಆಣೆ ಹಾಕಿ ಮುರಿದ್ರೆ, ದೇವರ ಮುಂದೆ ಹೋಗಿ ಬರೀ ಕೈ ಮುಗಿದು ಬರೋದಿಲ್ಲ. ನಮ್ಮಮ್ಮ ಅರಿಶಿನದ ಬಟ್ಟೇಲಿ ದುಡ್ಡು ಗಂಟು ಕಟ್ಟಿ, ಇದು ತಪ್ಪುಕಾಣಿಕೆ ಅಂತ ಬೇರೇನೇ ಎತ್ತಿಡ್ತಿದ್ರು, ಮನೇಲಿ ಎಷ್ಟೇ ತಾಪತ್ರಯ ಇದ್ರೂ ಆ ಗಂಟು ಬಿಚ್ತಿರ್ಲಿಲ್ಲ. ಕಾಣಿಕೆ ಮುಟ್ಟಿಸೋವರೆಗೂ ತಪ್ಪು ನಮ್ಮ ಮನೇಲೇ ಇದೆ ಅನ್ನೋರು.

ದೊಡ್ಡ ದೊಡ್ಡ ದೇಶಗಳವರು ಕೇಳೋ ಕ್ಷಮೆಯನ್ನ ನಾನು ಈ ಗಂಟು ಇಟ್ಕೊಂಡೇ ಅಳೆಯೋದು. 2006ರಲ್ಲಿ ಬ್ರಿಟನ್ನಿನ ಆಗಿನ ಪ್ರಧಾನಿ ಟೋನಿ ಬ್ಲೇರ್ ತುಂಬಾ ದುಃಖ ಆಗಿದೆ ಅಂದ್ರು, ಸಾರಿ ಅನ್ನೋ ಪದ ಬಾಯಿಂದ ಬರೋಕೆ 2007ರ ಮಾರ್ಚ್ ಆಯ್ತು. ಇದೇ ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದು ಮಾಡೋ ಕಾನೂನು ತಂದಾಗ ಎರಡು ಕೋಟಿ ಪೌಂಡ್ ಪರಿಹಾರ ತೆಗೆದಿಟ್ಟಿತ್ತು, ಯಾರಿಗೆ ಗೊತ್ತಾ, ಗುಲಾಮರ ಮಾಲೀಕರಿಗೆ! ನಿಮ್ಮ ಆಸ್ತಿ ಹೋಯ್ತಲ್ಲ ಪಾಪ ಅಂತ. ಅದಕ್ಕೆ ಸರ್ಕಾರ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ, ಅಂದ್ರೆ ಗುಲಾಮರ ವಂಶದಲ್ಲಿ ಹುಟ್ಟಿ ಲಂಡನ್ನಲ್ಲಿ ದುಡೀತಿರೋರ ತೆರಿಗೆ ಹಣವೂ ಅದಕ್ಕೇ ಹೋಗಿದೆ. ಡಚ್ಚರೂ ಸುರಿನಾಮ್‌ನಲ್ಲಿ ಮಾಲೀಕರಿಗೆ ತಲೆಗೆ 300 ಗಿಲ್ಡರ್ ಕೊಟ್ರು. ಬೆನ್ನು ಮುರಿಯೋ ಹಂಗೆ ದುಡಿದೋನಿಗೆ ಒಂದು ಕಾಸೂ ಇಲ್ಲ. ಅಮೆರಿಕದ ಸೆನೆಟ್ 2009ರ ಜೂನ್‌ನಲ್ಲಿ ಕ್ಷಮೆ ಕೇಳೋ ಠರಾವು ಪಾಸ್ ಮಾಡ್ತು, ಕೆಳಗಡೆನೇ ಒಂದು ಸಾಲು ಬರೆದು, ಇದನ್ನ ಹಿಡ್ಕೊಂಡು ಯಾರೂ ಪರಿಹಾರ ಕೇಳೋ ಹಾಗಿಲ್ಲ ಅಂತ. ಈ ಸಾಲು ಓದ್ದಾಗ ನನಗೆ ಹೊಟ್ಟೆ ಉರೀತು. ರುಟ್ಟೆಯವರ ಸರ್ಕಾರ 20 ಕೋಟಿ ಯೂರೋ ನಿಧಿ ಇಡ್ತೀವಿ ಅಂದಿತ್ತು, ಜನರಿಗೆ ಇತಿಹಾಸ ತಿಳಿಸೋಕೆ ಅಂತ, ಕಡಿಮೆಯೋ ಹೆಚ್ಚೋ ಬೇರೆ ಮಾತು, ಗಂಟು ಅಂತ ಒಂದು ಕಟ್ಟಿದ್ದಾರೆ.

ಸರಿ, ಇದೆಲ್ಲ ಯುರೋಪ್ ಅಮೆರಿಕ ವಿಷಯ, ನಮಗ್ಯಾಕೆ ಅಂತೀರಾ? ಓಲ್ಡ್ ಗೋವಾಗೆ ಹೋಗಿದೀರಲ್ಲ, ಮಾಂಡೋವಿ ದಡದಿಂದ ವೈಸರಾಯ್ ಕಮಾನು ದಾಟಿ ಮೇಲೆ ಬರೋ ದಾರಿ, ಅದೇ ಹಳೇ ಕಾಲದ ರುವಾ ದಿರೈತಾ ಬೀದಿ. 1583ರಲ್ಲಿ ಇಲ್ಲಿಗೆ ಬಂದು ಆರ್ಚ್‌ಬಿಷಪ್ ಹತ್ರ ಕೆಲಸಕ್ಕಿದ್ದ ಲಿನ್‌ಸ್ಕೋಟೆನ್ ಅನ್ನೋ ಡಚ್ಚಿನವನು ಬರೆದಿಟ್ಟಿದ್ದಾನೆ, ಭಾನುವಾರ ಮತ್ತೆ ಹಬ್ಬ ಬಿಟ್ಟು ದಿನಾ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಇಲ್ಲಿ ಹರಾಜು ನಡೀತಿತ್ತು, ಅರಬ್ಬೀ ಕುದುರೆ, ಮಸಾಲೆ ಸಾಮಾನು, ಅದರ ಜೊತೆಗೇ ಮನುಷ್ಯರು, ಚಿಕ್ಕವರು ದೊಡ್ಡವರು ಎಲ್ಲಾ, ದನ ಮಾರಿದಂಗೆ. ಮೊಜಾಂಬಿಕ್ ಕಡೆಯಿಂದ ಹಡಗಲ್ಲಿ ತಂದ ಆಫ್ರಿಕಾದ ಜನ. ಪೋರ್ಚುಗಲ್ ತನ್ನ ವಸಾಹತುಗಳಲ್ಲೆಲ್ಲ ಗುಲಾಮಗಿರಿ ರದ್ದು ಅಂತ ಹೇಳಿದ್ದು 1869ರಲ್ಲಿ. ನಾನು ಆ ದಾರೀಲಿ ಎಷ್ಟೋ ಸಲ ಓಡಾಡಿದೀನಿ, ಊರಿಂದ ಬಂದ ನೆಂಟರನ್ನ ಚರ್ಚ್ ತೋರಿಸೋಕೆ ಕರ್ಕೊಂಡು ಹೋಗಿದೀನಿ, ಇಲ್ಲಿ ಮನುಷ್ಯರನ್ನ ಮಾರಿದ್ರು ಅಂತ ಒಂದು ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಪೋರ್ಚುಗಲ್‌ನಲ್ಲಿ ಪ್ರಧಾನಿಯಾಗಿದ್ದ ಆಂಟೋನಿಯೋ ಕೋಸ್ಟಾ ನಿಮಗೆ ಗೊತ್ತೇ ಇರ್ತಾರೆ, ಮಡಗಾಂವ್ ಮೂಲದವರು ಅಂತ ಇಲ್ಲಿ ಎಲ್ರಿಗೂ ಅಭಿಮಾನ. ಅವರು 2022ರ ಸೆಪ್ಟೆಂಬರ್‌ನಲ್ಲಿ ಮೊಜಾಂಬಿಕ್‌ಗೆ ಹೋಗಿ, 1972ರಲ್ಲಿ ವಿರಿಯಾಮು ಹಳ್ಳೀಲಿ ಪೋರ್ಚುಗೀಸ್ ಸೈನ್ಯ ಮಾಡಿದ ಹತ್ಯಾಕಾಂಡಕ್ಕೆ ಅಲ್ಲಿನ ರಾಜಧಾನಿ ಮಪುಟೋದಲ್ಲಿ ನಿಂತು ತಲೆ ಬಾಗಿಸಿದ್ರು. ನನಗದು ತುಂಬಾ ದೊಡ್ಡದು ಅನ್ಸುತ್ತೆ. ಗುಲಾಮಗಿರಿ ವಿಷಯಕ್ಕೆ ಬಂದ್ರೆ ಮಾತ್ರ, 2023ರ ಏಪ್ರಿಲ್‌ನಲ್ಲಿ ಅಲ್ಲಿನ ಅಧ್ಯಕ್ಷರು ಮಾರ್ಸೆಲೋ ರೆಬೆಲೋ ಡಿ ಸೌಜಾ ಕ್ಷಮೆ ಕೇಳ್ಬೇಕು ಅಂದ್ರು, ಕ್ಷಮೆ ಕೇಳಿ ಬೆನ್ನು ತಿರುಗಿಸೋದು ಸುಲಭ ಜವಾಬ್ದಾರಿ ಹೊರೋದು ಕಷ್ಟ ಅಂತ್ಲೂ ಅಂದ್ರು, ಮುಂದಿನ ವರ್ಷ ಅದರ ಬೆಲೆ ನಾವು ತೆರಬೇಕು ಅಂದ ಕೂಡ್ಲೇ ಅವರದೇ ಸರ್ಕಾರ ಅಂಥ ಯಾವ ಯೋಜನೇನೂ ಇಲ್ಲ ಅಂತ ಹೇಳಿಬಿಡ್ತು. ಹಿಂದಿನವರು ಮಾಡಿದ್ದಕ್ಕೆ ನಾವ್ಯಾಕೆ ಅನ್ನೋರು ಎಲ್ಲಾ ಕಡೆ ಇದ್ದಾರೆ. ಅಪ್ಪನ ಹೊಲ ಬೇಕು, ಅಪ್ಪನ ಸಾಲ ಬೇಡ ಅಂದ್ರೆ ನಮ್ಮೂರ ಪಂಚರು ಒಪ್ತಾರಾ?

ನಮ್ಮೂರು ಯಲ್ಲಾಪುರದ ಕಡೆ. ಅಲ್ಲಿ, ಹಳಿಯಾಳದಲ್ಲಿ, ಮುಂಡಗೋಡದಲ್ಲಿ, ಅಂಕೋಲಾ ಕಾಡಲ್ಲಿ ಸಿದ್ದಿ ಜನ ಇದ್ದಾರೆ. ಗೋವಾದ ಮಾಲೀಕರಿಂದ ತಪ್ಪಿಸ್ಕೊಂಡು ಘಟ್ಟ ಹತ್ತಿದ ಆಫ್ರಿಕನ್ನರ ವಂಶದವರು ಅವರಲ್ಲಿ ಬಹಳ. ಘಟ್ಟದ ಮೇಲೆ ನಮ್ಮವರೇನು ಆರತಿ ಎತ್ತಿ ಕರ್ಕೊಳ್ಲಿಲ್ಲ, ಜಮೀನ್ದಾರರ ಮನೇಲಿ ಜೀತಕ್ಕೆ ಇಟ್ಕೊಂಡ್ರು. ಪರಿಶಿಷ್ಟ ಪಂಗಡ ಅಂತ ಅವರನ್ನ ಸೇರಿಸಿದ್ದೇ 2003ರಲ್ಲಿ.

ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಒಬ್ಬ ಸಿದ್ದಿ ಹುಡುಗ ಓದ್ತಿದ್ದ. ಶಾಲೆ ನಾಟಕದಲ್ಲಿ ಪ್ರತಿ ವರ್ಷ ಅವನಿಗೆ ರಾಕ್ಷಸನ ಪಾತ್ರ, ಬಣ್ಣ ಹಚ್ಚೋ ಖರ್ಚಿಲ್ಲ ಅಂತ ಎಲ್ರೂ ನಗೋರು, ನಾನೂ ನಕ್ಕಿದೀನಿ. ಕೂದಲು ಮುಟ್ಟಿ ಮುಟ್ಟಿ ಓಡೋದು ನಮಗೆ ಆಟ. ಒಂದಿನ ಅವನ ತಾಯಿ ಶಾಲೆ ಬಾಗಿಲಲ್ಲಿ ಬಂದು ನಿಂತು ಯಾರು ಅಂತ ಕೇಳಿದ್ರು, ಕ್ಲಾಸ್ ಲೀಡರ್ ಆಗಿದ್ದ ನಾನು ಯಾರೂ ಇಲ್ಲ ಅಂದೆ. ಅದಾಗಿ ಸ್ವಲ್ಪ ದಿನಕ್ಕೆ ಅವನು ಬರೋದು ನಿಲ್ಲಿಸಿದ.

ಎಷ್ಟೋ ವರ್ಷ ಆದ್ಮೇಲೆ ನಾನು ಕೆಲಸಕ್ಕೆ ಅಂತ ವಾಸ್ಕೋಗೆ ಹೊರಟಾಗ ಅದೇ ತಾಯಿ ಹತ್ರ ಒಂದು ಕೌದಿ ಕೊಂಡ್ಕೊಂಡು ಬಂದಿದ್ದೆ. ಸಿದ್ದಿ ಹೆಂಗಸರು ಹೊಲಿಯೋ ಕೌದಿ ನೋಡಿದೀರಾ, ಹಳೇ ಬಟ್ಟೆ ತುಂಡುಗಳನ್ನ ಅಂಚಿಂದ ಶುರು ಮಾಡಿ ಸುತ್ತ ಸುತ್ತ ಹೊಲೀತಾ ನಡುವಿಗೆ ಬರ್ತಾರೆ, ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಪುಟ್ಟ ತ್ರಿಕೋನ ಕೂರಿಸ್ತಾರೆ, ಫುಲಾ ಅಂತ ಅದಕ್ಕೆ ಹೆಸರು, ಅದಿಲ್ದೆ ಕೌದಿ ಮುಗಿದಂಗಲ್ಲ. ರುಟ್ಟೆಯವರ ಭಾಷಣ ಕೇಳಿದ ರಾತ್ರಿ ಆ ಕೌದಿ ಹೊದ್ಕೊಂಡು ನಿದ್ದೆ ಬಾರದೆ ಹಂಗೇ ಕೈಯಾಡಿಸ್ತಿದ್ದೆ. ನಡುವೆ ಎಲ್ಲೋ ಒಂದು ಆಕಾಶನೀಲಿ ತುಂಡು. ಲೈಟ್ ಹಾಕಿ ನೋಡಿದೆ. ನಮ್ಮ ಯೂನಿಫಾರ್ಮ್ ಅಂಗಿ ಬಟ್ಟೆ. ಗುಂಡಿ ತೂತು ಹೊಲಿದು ಮುಚ್ಚಿದ ಗುರುತು ಕೂಡ ಇತ್ತು.

ಬೆಳಿಗ್ಗೆ ನಂಬರ್ ಹುಡುಕಿ ಫೋನ್ ಮಾಡಿದೆ. ತಪ್ಪಾಯ್ತು ಮಾರಾಯಾ ಅಂದೆ, ನಾಟಕದ್ದು, ಕೂದಲಿಂದು, ಬಾಗಿಲಲ್ಲಿ ನಿಮ್ಮಮ್ಮನ ಹತ್ರ ಸುಳ್ಳು ಹೇಳಿದ್ದು, ಒಂದೊಂದೇ ಹೇಳಿದೆ. ಅವನು ಬಹಳ ಹೊತ್ತು ಏನೂ ಅನ್ಲಿಲ್ಲ. ಆಮೇಲೆ, ಫೋನಲ್ಲಿ ಬೇಡ, ಅಮ್ಮ ಇದ್ದಾಳೆ, ಬಂದು ಅವಳಿಗೆ ಹೇಳು ಅಂದ. ಕ್ರಿಸ್‌ಮಸ್ ರಜೇಲಿ ಬರ್ತೀನಿ, ನನಗೂ ರಜೆ ಇರುತ್ತೆ ಅಂದೆ. ಹಿಂದೆ ಅಮ್ಮನ ದನಿ ಕೇಳಿಸ್ತು, ಏನೋ ಹೇಳ್ತಿದ್ರು. ಅವನು ವಾಪಸ್ ಬಂದು ಹೇಳಿದ, ಈಗ ಬೇಡ ಅಂತೆ, ಗದ್ದೆ ಕೆಲಸ ಮುಗೀಲಿ, ಯಾವಾಗ ಅಂತ ಅವಳೇ ಹೇಳಿ ಕಳಿಸ್ತಾಳೆ.

ಆಗ್ಲಿ ಅಂದೆ. ಕಾದೆ. ಫೆಬ್ರವರೀಲಿ ಫೋನ್ ಬಂತು.