ಕ್ಯಾಮೆರಾ ಇಲ್ಲದ ಎರಡು ದಿನಗಳು: ಠಾಣೆ ನಗರದಲ್ಲಿ ನಮ್ಮ ಹೊಸ ವರ್ಷ

ಈ ವಿಡಿಯೊದಲ್ಲಿ ನಿಮಗೆ ಕಾಣುವುದು ಒಂದು ಶುಕ್ರವಾರದ ಹಗಲು ಮತ್ತು ಒಂದು ಸೋಮವಾರದ ಬೆಳಗು ಮಾತ್ರ. ನಡುವಿನ ಎರಡು ದಿನಗಳ ಚಿತ್ರಣ ನನ್ನ ಬಳಿ ಇಲ್ಲ, ಏಕೆಂದರೆ ಮುಂಬಯಿ ಬಳಿಯ ಠಾಣೆಯಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ, ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ಶಬ್ಬಾತ್ ದಿನವಾಗಲಿ, ದೊಡ್ಡ ಹಬ್ಬಗಳಂದಾಗಲಿ ಯಾರೂ ಮೊಬೈಲ್ ಮುಟ್ಟುವುದಿಲ್ಲ. 2023ರಲ್ಲಿ ಎರಡು ದಿನಗಳ ಹೊಸ ವರ್ಷದ ಹಬ್ಬವಾದ ರೋಶ್ ಹಶಾನಾದ ಮೊದಲ ದಿನ, ಅಂದರೆ ಯೆಹೂದಿ ಪಂಚಾಂಗದ 5784ನೇ ವರ್ಷದ ಮೊದಲ ದಿನ, ಸೆಪ್ಟೆಂಬರ್ 16ರ ಶನಿವಾರವೇ ಬಂದಿತ್ತು. ಕಾಣದ ಭಾಗವನ್ನು ಮಾತಿನಲ್ಲಿಯೇ ಹೇಳುತ್ತೇನೆ.

ನಾವು ಕೊಂಕಣದ ಯೆಹೂದಿಗಳಾದ ಬೆನೆ ಇಸ್ರೇಲ್ ಸಮುದಾಯದವರು. ತಂದೆ ರೈಲ್ವೆ ನೌಕರಿಗಾಗಿ ಹುಬ್ಬಳ್ಳಿಗೆ ಬಂದು ಅಲ್ಲಿಯೇ ನೆಲೆಸಿದ್ದರಿಂದ ನಾನು ಓದಿದ್ದು ಕನ್ನಡದಲ್ಲಿ. ಬಳಗದವರು ಮನೆಯಲ್ಲಿ ಆಡುವುದು ಮರಾಠಿ, ಪ್ರಾರ್ಥಿಸುವುದು ಹೀಬ್ರೂ ಭಾಷೆಯಲ್ಲಿ. ಬಿ.ಕಾಂ. ಮುಗಿಸಿ ಹದಿನಾಲ್ಕು ತಿಂಗಳು ಕಳೆದಿದ್ದರೂ ನನಗೆ ಕೆಲಸ ಸಿಕ್ಕಿರಲಿಲ್ಲ. ಹಬ್ಬಕ್ಕೆ ಸೇರುವ ಹದಿನೆಂಟು ಮಂದಿಯೂ ಅದನ್ನೇ ವಿಚಾರಿಸುತ್ತಾರೆ ಎಂಬ ಅಳುಕಿನಿಂದಲೇ ಗುರುವಾರ ರೈಲು ಹತ್ತಿದ್ದೆ.

ಈಗ ನೀವು ನೋಡುತ್ತಿರುವುದು ಚೀಕ್ ಹಲ್ವ. ನೆನೆಸಿದ ಗೋಧಿಯನ್ನು ರುಬ್ಬಿ, ಹಿಂಡಿ ತೆಗೆದ ಗಟ್ಟಿ ಹಾಲಿಗೆ ಸಕ್ಕರೆ ಮತ್ತು ತೆಂಗಿನ ಹಾಲು ಸೇರಿಸಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ತಿರುವಬೇಕು. ಕರ್ನಾಟಕದ ಹಾಲುಬಾಯಿ ಮಾಡಿದವರಿಗೆ ಈ ತೋಳುನೋವು ಗೊತ್ತಿರುತ್ತದೆ. ಮಾಂಸದ ಊಟದ ಜೊತೆಗೆ ಹಾಲಿನ ಪದಾರ್ಥ ಸಲ್ಲದು ಎಂಬ ನಿಯಮವಿರುವುದರಿಂದ ಹಸುವಿನ ಹಾಲಿನ ಜಾಗವನ್ನು ಕೊಂಕಣದ ತೆಂಗು ತುಂಬಿದೆ. ಬಾಣಲೆಯ ಅಂಚು ಬಿಡುತ್ತಿದ್ದಂತೆ ಅದನ್ನು ತಟ್ಟೆಗೆ ಸುರಿದು, ಮೇಲೆ ಬಾದಾಮಿ, ಪಿಸ್ತಾ, ಏಲಕ್ಕಿ ಉದುರಿಸುತ್ತಾರೆ. ಆತ್ಯಾ, ಅಂದರೆ ನನ್ನ ಸೋದರತ್ತೆ, ಸೌಟನ್ನು ನನ್ನ ಕೈಗೆ ಕೊಟ್ಟರು. ಕೆಲಸದ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಅದಕ್ಕಾಗಿ ನಾನು ಅವರಿಗೆ ಎಷ್ಟು ಕೃತಜ್ಞಳು ಎಂಬುದನ್ನು ಇಲ್ಲಿ ಹೇಳಲೇಬೇಕು.

ನಾಲ್ಕು ಗಂಟೆಗೆ ನನ್ನ ಮೊಬೈಲ್ ಸದ್ದು ಮಾಡಿತು. ಆ ವಾರ ಸಂದರ್ಶನ ನಡೆಸಿದ್ದ ಕಂಪನಿಯವರು ಕೆಲಸ ಕೊಡಲು ಸಿದ್ಧರಿದ್ದರು. ಆದರೆ ವಾರಕ್ಕೆ ಆರು ದಿನ ದುಡಿಯಬೇಕು, ಶನಿವಾರ ಸರಕಿನ ಲೆಕ್ಕ ಹೊಂದಿಸುವ ದಿನವಾದ್ದರಿಂದ ಅಂದು ರಜೆ ಇರುವುದಿಲ್ಲ, ಸೋಮವಾರ ಬೆಳಿಗ್ಗೆ ಹತ್ತರೊಳಗೆ ಒಪ್ಪಿಗೆ ತಿಳಿಸಬೇಕು ಎಂದರು. ಎರಡೂವರೆ ಗಂಟೆ ಕಳೆಯುವಷ್ಟರಲ್ಲಿ ಆತ್ಯಾ ದೀಪ ಹಚ್ಚಲು ಸಿದ್ಧರಾದರು, ಮೊಬೈಲುಗಳೆಲ್ಲ ಕಪಾಟು ಸೇರಿದವು. ಇಸ್ರೇಲಿನ ಅಶ್ದೋದ್‌ನಲ್ಲಿರುವ ಚಿಕ್ಕಪ್ಪನ ಮಕ್ಕಳು ಅದಕ್ಕೂ ಮೊದಲೇ ಕರೆ ಮಾಡಿ ‘ಶನಾ ತೋವಾ’ ಎಂದು ಹೊಸ ವರ್ಷದ ಶುಭಾಶಯ ಹೇಳಿ ಮುಗಿಸಿದ್ದರು. ಒಣದ್ರಾಕ್ಷಿ ನೆನೆಸಿ ಕಿವುಚಿದ ಶರಬತ್ತಿನ ಮೇಲೆ ಹಬ್ಬವನ್ನು ಬರಮಾಡಿಕೊಳ್ಳುವ ಕಿದ್ದುಷ್ ಪ್ರಾರ್ಥನೆ ಹೇಳಿ, ಸೇಬಿನ ಹೋಳುಗಳನ್ನು ಜೇನಿನಲ್ಲಿ ಅದ್ದಿ ಹಂಚಿದರು.

ಶನಿವಾರ ನಡೆದುಕೊಂಡೇ ಶಾರ್ ಹಶಾಮಯಿಮ್‌ಗೆ ಹೋದೆವು. 1879ರಲ್ಲಿ ಕಟ್ಟಿದ ಆ ಪ್ರಾರ್ಥನಾ ಮಂದಿರದ, ಅಂದರೆ ಸಿನಗಾಗ್‌ನ ಹೆಸರಿಗೆ ಸ್ವರ್ಗದ ಬಾಗಿಲು ಎಂದು ಅರ್ಥ. ಹೊಸ ವರ್ಷದ ಮುಖ್ಯ ಆಚರಣೆಯೇ ಶೋಫಾರ್, ಅಂದರೆ ಟಗರಿನ ಕೊಂಬನ್ನು ಊದುವುದು. ಆದರೆ ಮೊದಲ ದಿನ ಶಬ್ಬಾತ್ ಆಗಿದ್ದರೆ ಕೊಂಬನ್ನು ಊದುವುದಿಲ್ಲ. ವರ್ಷವಿಡೀ ಕಾದ ದನಿಯನ್ನೂ ಶನಿವಾರಕ್ಕಾಗಿ ಒಂದು ದಿನ ತಡೆಹಿಡಿಯುತ್ತಾರೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ನನಗೆ ಅದು ಅಂದು ಕಂಪನಿಯ ಕರೆಯ ಜೊತೆಗೇ ಬಂದು ತಾಕಿತು.

ಊಟದ ನಂತರ ವಿಷಯ ಬಾಯಿಬಿಟ್ಟೆ. ದೊಡ್ಡಪ್ಪ ನಮ್ಮ ಹಿರಿಯರ ಕಥೆ ತೆಗೆದರು. ಅಲಿಬಾಗ್ ಬಳಿಯ ನವಗಾಂವ್ ಕಡಲ ತೀರದಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಬದುಕುಳಿದರು ಎಂದು ಸಮುದಾಯ ನಂಬಿಕೊಂಡು ಬಂದಿದೆ. ಅವರ ಸಂತತಿಯವರು ಕೊಂಕಣದ ಹಳ್ಳಿಗಳಲ್ಲಿ ಗಾಣ ಹೂಡಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಊರಿನವರು ಅವರನ್ನು ‘ಶನಿವಾರ ತೇಲಿ’, ಶನಿವಾರದ ಗಾಣಿಗರು, ಎಂದೇ ಕರೆದರು. ಅದನ್ನು ಕೇಳಿದ ಮೇಲೆ ಕೆಲಸ ಬೇಡವೆನ್ನುವುದೇ ಸರಿಯೆಂದು ನನಗೆ ಅನ್ನಿಸತೊಡಗಿತ್ತು. ಆಗ ಆತ್ಯಾ, “ಬಾಳಾ, ಗಾಣ ನಮ್ಮದೇ ಆಗಿತ್ತು, ನಿಲ್ಲಿಸಿದೆವು. ನಿನ್ನ ಅಜ್ಜನದು ರೈಲ್ವೆ ಕಚೇರಿ. ಶನಿವಾರ ಬೆಳಕು ಹರಿಯುವ ಮೊದಲೇ ಪ್ರಾರ್ಥನೆ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಮನೆಗೆ ಬಂದ ಮೇಲೆ ಅರ್ಧ ಗಂಟೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ” ಎಂದರು. ಸಮುದಾಯ ಮುಂಬಯಿಗೆ ಬಂದು ಸೈನ್ಯ, ರೈಲ್ವೆ, ಗುಮಾಸ್ತಿಕೆಗಳಿಗೆ ಸೇರಿದಾಗ ಎಷ್ಟೋ ಮನೆಗಳಲ್ಲಿ ಹೀಗೆ ನಡೆದಿದೆ. ಆ ಅರ್ಧ ಗಂಟೆಯ ಬಗ್ಗೆ ತಂದೆ ನನಗೆ ಎಂದೂ ಹೇಳಿರಲಿಲ್ಲ.

ಭಾನುವಾರ ಕೊಂಬು ಮೊಳಗಿತು. ಮೊದಲು ಒಂದು ನೀಳ ದನಿ, ನಂತರ ಮೂರು ತುಂಡು, ಆಮೇಲೆ ಬಿಕ್ಕಿದಂತೆ ಚಿಕ್ಕ ಚಿಕ್ಕ ಒಂಬತ್ತು. ಸಂಜೆ ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಗೆ ಹೋಗಿ, ಪಾಪಗಳನ್ನು ಕಡಲಿನ ಆಳಕ್ಕೆ ಎಸೆಯುವ ಬಗ್ಗೆ ಪ್ರವಾದಿ ಮೀಕನ ವಚನಗಳನ್ನು ಓದಿದೆವು. ಹಿಂತಿರುಗುವ ದಾರಿಯುದ್ದಕ್ಕೂ, ಮಂಗಳವಾರದ ಗಣೇಶ ಚತುರ್ಥಿಗಾಗಿ ಮಂಟಪಗಳಿಗೆ ದೀಪ ಕಟ್ಟುತ್ತಿದ್ದರು.

ನಕ್ಷತ್ರ ಕಂಡ ಮೇಲೆ ಕಪಾಟು ತೆರೆಯಿತು. ಕೆಲಸಕ್ಕೆ ಸೇರಲು ಒಪ್ಪಿಗೆಯಿದೆ, ಶನಿವಾರದ ಬದಲು ಭಾನುವಾರ ಪೂರ್ತಿ ದಿನ ಬಂದು ಅದೇ ಸರಕಿನ ಲೆಕ್ಕ ಮುಗಿಸಿಕೊಡುತ್ತೇನೆ, ಇದಕ್ಕೆ ಅನುಮತಿ ಬೇಕು ಎಂದು ಬರೆದೆ. ದೊಡ್ಡಪ್ಪ ಓದಿ ಒಂದು ಪದ ತಿದ್ದಿದರು. ಕಳುಹಿಸಿದಾಗ ಗಂಟೆ ಎಂಟೂವರೆ.

ಈಗ ತೆರೆಯ ಮೇಲಿರುವುದು ಸೋಮವಾರ ಬೆಳಿಗ್ಗೆ ಆತ್ಯಾ ಹಲ್ವವನ್ನು ಡಬ್ಬಿಗೆ ತುಂಬುತ್ತಿರುವ ದೃಶ್ಯ. ಹಿಂದೆ ಕೇಳಿಸುವ ಸದ್ದು ನನ್ನ ಮೊಬೈಲಿನದು. ಭಾನುವಾರದ ಏರ್ಪಾಟಿಗೆ ಮೂರು ತಿಂಗಳ ಮಟ್ಟಿಗೆ ಒಪ್ಪಿದ್ದೇವೆ ಎಂದು ಅವರು ಹೇಳಿದ್ದು ಆಗಲೇ.