ಏಡಿಯ ಇಕ್ಕಳಕ್ಕೆ ಸಿಕ್ಕಿದ್ದು

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ. ವರ್ಷಗಟ್ಟಲೆ ಲ್ಯಾಬ್‌ನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿದವನು. ಹಾಗಾಗಿ ನನ್ನ ಮಾತು ಸುತ್ತಿ ಬಳಸಿ ಒಂದು ರಿಪೋರ್ಟ್ ಕಾಗದಕ್ಕೇ ಬಂದು ನಿಲ್ಲುತ್ತದೆ, ಸಹಿಸಿಕೊಳ್ಳಿ.

ಕೀಲೇಷನ್ ಅನ್ನುವ ಚಿಕಿತ್ಸೆಯ ಹೆಸರಿನ ಬೇರು ಗ್ರೀಕ್ ಭಾಷೆಯಲ್ಲಿದೆ. ಏಡಿಯ ಇಕ್ಕಳದಂಥ ಕಾಲು ಅಂತ ಅರ್ಥ. ಈ ಔಷಧಿ ಲೋಹದ ಕಣವನ್ನು ಇಕ್ಕಳದಲ್ಲಿ ಕಚ್ಚಿ ಹಿಡಿದು ಮೈಯಿಂದ ಹೊರಗೆ ಸಾಗಿಸುತ್ತದೆ. ಇದು ಬೂಟಾಟಿಕೆ ಅಲ್ಲ, ಅಸಲಿ ಔಷಧಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಿಜ್ಞಾನಿಗಳು ಲೂಯಿಸೈಟ್ ಎಂಬ ಆರ್ಸೆನಿಕ್ ವಿಷಾನಿಲಕ್ಕೆ ಮದ್ದು ಹುಡುಕುತ್ತಾ ಡೈಮರ್ಕಪ್ರಾಲ್ ಕಂಡುಹಿಡಿದರು. ಸೀಸದ ವಿಷ ಏರಿದ ಮಗುವಿಗೆ ಸಕ್ಸಿಮರ್ ಇದೆ. ಪದೇ ಪದೇ ರಕ್ತ ಹಾಕಿಸಿಕೊಂಡು ಮೈಯಲ್ಲಿ ಕಬ್ಬಿಣ ತುಂಬಿಕೊಂಡ ಥಲಸ್ಸೇಮಿಯಾ ರೋಗಿಗೆ ಡೆಫೆರಾಸಿರಾಕ್ಸ್ ಇದೆ. ಇವೆಲ್ಲ ಜೀವ ಉಳಿಸುವ ಔಷಧಿಗಳೇ.

ಇದೇ ಹೆಸರು ಹೊತ್ತು ಆಟಿಸಂ, ಹೃದಯದ ಕಾಯಿಲೆ, ಕ್ಯಾನ್ಸರ್, ಮರೆವು ಎಲ್ಲಕ್ಕೂ "ಮೈಯ ವಿಷ ತೆಗೀತೀವಿ" ಅಂತ ಬರುವವರು ಬೇರೆ. ಎಲ್ಲಿದೆ ವಿಷ ಅಂದರೆ ರಿಪೋರ್ಟ್ ತೋರಿಸುತ್ತಾರೆ.

ಪರಿಚಯದ ತಾಯಿಯೊಬ್ಬರು ಅಂಥದ್ದೊಂದು ಕಾಗದ ತಂದಿದ್ದರು. ಮಗನಿಗೆ ಆಟಿಸಂ. ಸೀಸ, ಪಾದರಸ ಎರಡರ ಎದುರಿಗೂ ಕೆಂಪು ಪಟ್ಟಿ, ಪುಟದ ಅಂಚಿನವರೆಗೆ. ಮಡಚಿ ಬಿಚ್ಚಿ ಕಾಗದದ ಮಡಿಕೆ ಸವೆದಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಮೂತ್ರ ಹಿಡಿಯೋ ಮುಂಚೆ ಮಗುಗೆ ಏನಾದ್ರೂ ಔಷಧಿ ಕೊಟ್ಟಿದ್ರಾ ಅಮ್ಮ?"

"ಹೌದು, ಅವರೇ ಕೊಟ್ರು. ಟೆಸ್ಟ್ ಸರಿಯಾಗಿ ಬರಲಿ ಅಂತ."

ಕೈಚಳಕ ಇರುವುದೇ ಅಲ್ಲಿ. ಒಂದಿಷ್ಟು ಸೀಸ, ಪಾದರಸ ನಮ್ಮೆಲ್ಲರ ಮೈಯಲ್ಲೂ ಇರುತ್ತದೆ. ಕೀಲೇಷನ್ ಔಷಧಿ ಕೊಟ್ಟರೆ ಅದು ಮೂತ್ರಕ್ಕೆ ಇಳಿಯುತ್ತದೆ. ನನಗೆ ಕೊಟ್ಟರೂ ಇಳಿಯುತ್ತದೆ, ನಿಮಗೆ ಕೊಟ್ಟರೂ ಅಷ್ಟೇ. ಆದರೆ ಪಕ್ಕದಲ್ಲಿ ಅಚ್ಚಾಗಿರುವ 'ನಾರ್ಮಲ್' ಅಂಕಿ ಔಷಧಿ ತೆಗೆದುಕೊಳ್ಳದವರದ್ದು! ಚಾಪೆ ಕೊಡವಿ ಧೂಳೆಬ್ಬಿಸಿ, "ನೋಡಿ, ನಿಮ್ಮ ಮನೆ ಎಷ್ಟು ಕೊಳಕು" ಅಂದ ಹಾಗೆ, ಅಲ್ವಾ? ಅಮೆರಿಕನ್ ಕಾಲೇಜ್ ಆಫ್ ಮೆಡಿಕಲ್ ಟಾಕ್ಸಿಕಾಲಜಿ, ಅಂದರೆ ವಿಷವೈದ್ಯರ ಸಂಘ, ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಅಂತ ಹೇಳಿದೆ. ಸೀಸ ನೋಡಬೇಕಾದರೆ ರಕ್ತದಲ್ಲಿ ನೋಡಬೇಕು, ಯಾವ ಔಷಧಿಯನ್ನೂ ಕೊಡದೆ. ಆ ಮಗುವಿಗೆ ಹಾಗೆ ನೋಡಿಸಿದೆವು. ಗಾಬರಿಪಡುವಂಥದ್ದು ಏನೂ ಇರಲಿಲ್ಲ.

"ಹೋಗಲಿ ಬಿಡಿ, ಸುಮ್ನೆ ಕೊಟ್ಟರೆ ನಷ್ಟ ಏನು?" ಅನ್ನುವವರಿದ್ದಾರೆ. ಇಕ್ಕಳಕ್ಕೆ ಕಣ್ಣಿಲ್ಲ ಸ್ವಾಮಿ. ಇಡಿಟಿಎ ಅನ್ನುವ ಕೀಲೇಷನ್ ಔಷಧಿಯಲ್ಲಿ ಎರಡು ಬಗೆ: ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ, ಬರೀ ಡೈಸೋಡಿಯಂ ಇಡಿಟಿಎ. ಬಾಟಲಿಯ ಮೇಲೆ ಒಂದೇ ಪದದ ವ್ಯತ್ಯಾಸ. ಮೊದಲನೆಯದು ಕ್ಯಾಲ್ಸಿಯಂ ಹಿಡಿದುಕೊಂಡೇ ಒಳಗೆ ಹೋಗುತ್ತದೆ. ಅದನ್ನು ಬಿಟ್ಟು ಸೀಸ ಹಿಡಿಯುತ್ತದೆ. ಎರಡನೆಯದು ಬರಿಗೈಯಲ್ಲಿ ಹೋಗಿ ರಕ್ತದ ಕ್ಯಾಲ್ಸಿಯಂಗೇ ಕೈ ಹಾಕುತ್ತದೆ. ಹೃದಯದ ಒಂದೊಂದು ಬಡಿತಕ್ಕೂ ಆ ಕ್ಯಾಲ್ಸಿಯಂ ಬೇಕು. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ 5 ವರ್ಷದ ಹುಡುಗನಿಗೆ ಡೈಸೋಡಿಯಂ ಇಡಿಟಿಎಯನ್ನು ರಕ್ತನಾಳಕ್ಕೆ ಕೊಟ್ಟರು. ಕ್ಯಾಲ್ಸಿಯಂ ಕುಸಿದು, ಹೃದಯ ನಿಂತು, ಹುಡುಗ ತೀರಿಕೊಂಡ.

ಸಪ್ಲಿಮೆಂಟ್ ಅಂತ ಮಾರುವ ಇಡಿಟಿಎ ಮಾತ್ರೆಗಳ ಕಥೆ ಇನ್ನೊಂದು ತರಹ. ನುಂಗಿದ ಇಡಿಟಿಎಯಲ್ಲಿ ನೂರಕ್ಕೆ 5 ಭಾಗದಷ್ಟೂ ರಕ್ತ ಸೇರುವುದು ಕಷ್ಟ. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಸರಕು ಮಾರುತ್ತಿದ್ದ 8 ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು.

ಹೃದಯದ ವಿಷಯದಲ್ಲಿ ಮಾತ್ರ ನಾನೂ ಒಮ್ಮೆ ಹುಬ್ಬೇರಿಸಿದ್ದೆ. ಇಡಿಟಿಎಯಿಂದ ಹೃದಯಕ್ಕೆ ಉಪಯೋಗ ಇದೆಯೇ ಅಂತ 1,708 ರೋಗಿಗಳ ಮೇಲೆ ನಡೆದ ಟ್ಯಾಕ್ಟ್ ಎಂಬ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂತು. ಕೊಂಚ ಲಾಭ ಕಾಣಿಸಿತು, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ. ಸರಿ, ಅಂಥವರನ್ನೇ ಸುಮಾರು 1,000 ಮಂದಿ ಸೇರಿಸಿ ಮತ್ತೆ ನೋಡಿದರು. 2024ರಲ್ಲಿ ಉತ್ತರ ಬಂತು. ರಕ್ತದ ಸೀಸ ಚೆನ್ನಾಗಿಯೇ ಇಳಿದಿತ್ತು. ಹೃದಯಾಘಾತ ಮಾತ್ರ ಕಡಿಮೆ ಆಗಿರಲಿಲ್ಲ.

ಇಷ್ಟು ಹೇಳಿದ್ದಕ್ಕೆ ಗಿಡಮೂಲಿಕೆಯಂಥ ಪರ್ಯಾಯ ಮದ್ದನ್ನೆಲ್ಲ ನಾನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟೀನ್ ಬಂದಿದ್ದೇ ನಿತ್ಯಪುಷ್ಪದ ಗಿಡದಿಂದ. ಅಳತೆ ಮಾಡಿ, ಪರೀಕ್ಷೆ ಮಾಡಿ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಮದ್ದು ನಂಬಿದ 281 ಕ್ಯಾನ್ಸರ್ ರೋಗಿಗಳನ್ನು ಅಮೆರಿಕದಲ್ಲಿ ಲೆಕ್ಕ ಹಾಕಿದ್ದಾರೆ. ಇನ್ನೂ ಹರಡದ ಕ್ಯಾನ್ಸರ್ ಅವು. ಚಿಕಿತ್ಸೆ ಪಡೆದವರಿಗಿಂತ ಇವರಿಗೆ ಸಾವಿನ ಅಪಾಯ 2.5 ಪಟ್ಟು ಜಾಸ್ತಿ ಇತ್ತು.

ಆ ತಾಯಿ ಹೊರಡುವಾಗ ಬಾಗಿಲ ಹತ್ತಿರ ನಿಂತರು. "ಮತ್ತೆ ಇಷ್ಟು ದಿನ ಅವರ ಮಾತ್ರೆ ಕೊಟ್ಟಿದ್ದು?" ಅಂದರು. ಡಾಕ್ಟರ್‌ಗೆ ಹೇಳಿರಲೇ ಇಲ್ಲ, ಬೈತಾರೆ ಅಂತ ಹೆದರಿಕೆ. ಕಿಡ್ನಿ, ಕ್ಯಾಲ್ಸಿಯಂ, ಸತು ಮೂರನ್ನೂ ನೋಡಲು ಹೇಳಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಮಾತ್ರೆಯ ಬಾಟಲಿಯನ್ನೂ ಬ್ಯಾಗಿಗೆ ಹಾಕಿಕೊಂಡು, ಅವತ್ತೇ ಮಗುವಿನ ಡಾಕ್ಟರ್ ಹತ್ತಿರ ಹೋದರು.