ಬುಡದಲ್ಲಿ ಕಡಲು, ನೆತ್ತಿಯಲ್ಲಿ ಆಫ್ರಿಕಾ

ನಮಸ್ಕಾರ. ಚಾಕಲೇಟ್ ಪೊಟ್ಟಣದ ಮೇಲೆ ನೋಡಿರುತ್ತೀರಿ, ಚೂಪಾಗಿ ನಿಂತ ಒಂಟಿ ಬೆಟ್ಟ. ಅದು ಮ್ಯಾಟರ್‌ಹಾರ್ನ್. ಎತ್ತರ 4478 ಮೀಟರ್. ಆ ಕಡೆ ಸ್ವಿಟ್ಜರ್ಲೆಂಡ್, ಈ ಕಡೆ ಇಟಲಿ, ಗಡಿ ನೆತ್ತಿಯ ಮೇಲೇ ಹಾದುಹೋಗುತ್ತದೆ.

ಇದನ್ನು ಹತ್ತಿದವರ ಕತೆಯನ್ನು ಎಲ್ಲರೂ ಹೇಳುತ್ತಾರೆ. 1865ರ ಜುಲೈ 14ರಂದು ಬ್ರಿಟಿಷ್ ಪರ್ವತಾರೋಹಿ ಎಡ್ವರ್ಡ್ ವಿಂಪರ್ ಜೊತೆಗಿದ್ದ ತಂಡ ಮೊದಲ ಸಲ ತುದಿ ಮುಟ್ಟಿತು, ಇಳಿಯುವಾಗ ಏಳು ಜನರಲ್ಲಿ ನಾಲ್ವರು ಬಿದ್ದು ಸತ್ತರು. ನನಗೆ ಮಾತ್ರ ಕಲ್ಲಿನ ಕತೆಯೇ ಜಾಸ್ತಿ ಇಷ್ಟ.

ಡೈನೋಸಾರ್‌ಗಳ ಕಾಲದಲ್ಲಿ ಇಲ್ಲೊಂದು ಕಡಲಿತ್ತು. ಆಫ್ರಿಕಾ ಉತ್ತರಕ್ಕೆ ಸರಿಯುತ್ತಾ ಬಂದ ಹಾಗೆ ಅದು ಮುಚ್ಚಿಕೊಂಡಿತು, ತಳದ ಒಂದಿಷ್ಟು ಭಾಗ ನಡುವೆ ಸಿಕ್ಕಿಕೊಂಡು ನಜ್ಜುಗುಜ್ಜಾಯಿತು, ಅದರ ಮೇಲೆ ಆಚೆ ದಡದ, ಅಂದರೆ ಆಫ್ರಿಕಾ ಕಡೆಯ ನೆಲವೇ ಜಾರಿ ಬಂದು ಕೂತಿತು. ಹಾಗಾಗಿ ಇಲ್ಲಿ ಹಳೇ ಕಲ್ಲು ಮೇಲೆ, ಹೊಸದು ಕೆಳಗೆ. ನೆತ್ತಿಯಲ್ಲಿರುವ ನೈಸ್ (gneiss) ಅನ್ನೋ ಪಟ್ಟೆ ಪಟ್ಟೆ ಶಿಲೆ ಆ ಕಡಲು ಹುಟ್ಟುವ ಮೊದಲೇ ಇದ್ದದ್ದು. ತುದಿ ಆಫ್ರಿಕಾದ್ದು ಅನ್ನುವುದು ಇದಕ್ಕೇ. ಸ್ವಲ್ಪ ಉಬ್ಬಿಸಿದ ಮಾತು ಬಿಡಿ, ಅದು ಆಫ್ರಿಕಾಗೆ ಅಂಟಿಕೊಂಡಿದ್ದ ಏಡ್ರಿಯಾ ಅನ್ನೋ ತುಣುಕಿನದು. ಆಮೇಲೆ ಹಿಮನದಿಗಳು ಸುತ್ತಲಿಂದ ಕೆರೆದು ಕೆರೆದು ಈ ನಾಲ್ಕು ಮುಖ ಮಾಡಿದವು.

ತುದಿಗೆ ಹಗ್ಗ, ಗೈಡ್ ಎಲ್ಲ ಬೇಕು. ನಡೆಯುವವರಿಗೆ ಹೋರ್ನ್ಲಿ ಹಟ್, ಅಂದರೆ ಹತ್ತುವವರು ತಂಗುವ ಮನೆ, ಅಷ್ಟೇ ಸಾಕು. ಸ್ವಿಟ್ಜರ್ಲೆಂಡ್ ಕಡೆಯ ಜೆರ್ಮಾಟ್ ಊರಿಂದ ಕೇಬಲ್ ಕಾರಿನಲ್ಲಿ 2583 ಮೀಟರ್ ಎತ್ತರದ ಶ್ವಾರ್ಜ್‌ಸೀಗೆ ಹೋಗಿ, ಅಲ್ಲಿಂದ 3260 ಮೀಟರಿನ ಹಟ್‌ವರೆಗೆ ಹತ್ತಬೇಕು. ಎರಡೂವರೆ ಗಂಟೆ ಅಂತಿಟ್ಟುಕೊಳ್ಳಿ, ದಾರಿ ಕಡಿದು, ಉಸಿರು ಕಟ್ಟುತ್ತೆ. ಆದರೆ ಹಸಿರು ಛಾಯೆಯ ಕಲ್ಲು ಕಂಡರೆ ನಿಂತು ನೋಡಿ, ಅದೇ ಆ ಕಡಲಿನ ತಳ. ಆಫ್ರಿಕಾ ಶುರುವಾಗುವುದು ಹಟ್‌ನಿಂದ ಮೇಲಕ್ಕೆ. ತುದಿ ಮುಟ್ಟಲಿಲ್ಲ ಅಂತ ಬೇಜಾರೇಕೆ, ಕಡಲ ಮೇಲೆ ನಡೆದಿರಲ್ವಾ?

ಅಲ್ಲಿಂದ ಮುಂದೆ ಸುಮ್ನೆ ಹೆಜ್ಜೆ ಇಡಬೇಡಿ. ಬಿರುಕುಗಳೊಳಗಿನ ಮಂಜುಗಡ್ಡೆಯೇ ಬಂಡೆಗಳನ್ನು ಹಿಡಿದಿಟ್ಟಿರುತ್ತದೆ. 2003ರ ಬಿಸಿ ಬೇಸಿಗೆಯಲ್ಲಿ ಅದು ಕರಗಿ ಹಟ್‌ನಿಂದ ತುದಿಗೆ ಏರುವ ಹೋರ್ನ್ಲಿ ಏಣಿನ (ಬೆಟ್ಟದ ಚೂಪು ಅಂಚಿನ) ಬಂಡೆಗಳು ಕುಸಿದವು, ಮೇಲಿದ್ದವರನ್ನು ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಯಿತು.

ಗಡಿಯೂ ಅಲುಗಿದೆ. ಪಕ್ಕದ ಥಿಯೋಡುಲ್ ಹಿಮನದಿಯ ಹತ್ತಿರ ನೀರು ಎತ್ತ ಹರಿಯುತ್ತದೆ ಅನ್ನುವುದನ್ನು ನೋಡಿ ಗೆರೆ ಹಾಕಿದ್ದರು. ಹಿಮ ಕರಗಿತು, ಗೆರೆ ಸರಿಯಿತು. 2023ರಲ್ಲಿ ಎರಡೂ ದೇಶದವರು ಕೂತು ಹೊಸ ಗಡಿ ಒಪ್ಪಿಕೊಂಡರು, ಮರುವರ್ಷ ಸ್ವಿಟ್ಜರ್ಲೆಂಡ್ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಂದ ಹಾಗೆ, ಹೋಗುವುದಿದ್ದರೆ ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋಗಿ, ಬೆಳಿಗ್ಗೆ ಬೇಗ ಹೊರಡಿ. ನಮಸ್ಕಾರ.